ಅಡಗುವವರ ಮನೆಯಲ್ಲಿ ಓಟದ ಪಂದ್ಯ

ಆಟದ ಸಾಮಾನಿಗೂ ವಿಮರ್ಶೆಯೆ ಎಂದು ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಅವರ ಪ್ರಶ್ನೆ ಅನ್ಯಾಯವಾದದ್ದೇನೂ ಅಲ್ಲ. ಕಾವ್ಯ, ನಾಟಕ, ಚಿತ್ರಗಳನ್ನು ತೂಗುವ ತಕ್ಕಡಿಯಲ್ಲಿ ಮಕ್ಕಳು ಗುಂಡಿ ಒತ್ತಿ ಆಡುವ ಆಟವನ್ನು ಇಡುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ಎಂದು ಅನೇಕರಿಗೆ ತೋರುವುದು ಸಹಜ. ಆದರೆ ಈ ಗುಬ್ಬಿ ಅಷ್ಟು ಸಣ್ಣದಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆಯವರ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಎಂಬ ವಿಡಿಯೊ ಆಟ 2017ರಲ್ಲಿ ಹೊರಬಂದಂದಿನಿಂದ ಲೋಕದಲ್ಲೆಲ್ಲ 6 ಕೋಟಿಗೂ ಮಿಕ್ಕಿ ಮಾರಾಟವಾಗಿದೆ. ಇಷ್ಟು ಮನೆಗಳ ಸಂಜೆಯನ್ನು ತುಂಬಿರುವ ವಸ್ತು ಯಾವುದೇ ಆಗಲಿ, ಅದು ಚೆನ್ನಾಗಿದೆಯೆ, ಚೆನ್ನಾಗಿದ್ದರೆ ಯಾವುದರಿಂದ ಚೆನ್ನಾಗಿದೆ ಎಂದು ಕೇಳುವುದು ವಿಮರ್ಶೆಗೆ ಸಂದ ಕೆಲಸವೇ. ಇಡೀ ಆಟವನ್ನಲ್ಲ, ಅದರೊಳಗಿನ ಒಂದೇ ಒಂದು ಹಾದಿಯನ್ನು ಇಲ್ಲಿ ಎತ್ತಿಕೊಂಡಿದೆ. ಅದರ ಹೆಸರು ‘ನಿಂಜಾ ಹೈಡ್‌ಅವೇ’. ನಿಂಜಾಗಳ ಅಡಗುದಾಣ ಎಂದರ್ಥ.

ಆಟವನ್ನು ಕಂಡರಿಯದ ವಾಚಕರಿಗಾಗಿ ಮೊದಲು ಎರಡು ಮಾತು. ಮಾರಿಯೊ ಎಂಬ ದಪ್ಪ ಮೀಸೆಯ ಕೊಳಾಯಿ ಕೆಲಸದವನೂ ಅವನ ಬಳಗದವರೂ ಕಾರ್ಟ್ ಎಂಬ ಪುಟ್ಟ ಬಂಡಿಗಳಲ್ಲಿ ಕುಳಿತು ಪಂದ್ಯ ಹೂಡುವುದೇ ಇದರ ವಸ್ತು. ಈ ಮಾಲೆಯ ಮೊದಲ ಆಟ 1992ರಲ್ಲಿ ಬಂತು. ದಾರಿಯಲ್ಲಿ ಸಿಕ್ಕುವ ಪೆಟ್ಟಿಗೆಗಳಿಂದ ಬಾಳೆಹಣ್ಣಿನ ಸಿಪ್ಪೆ, ಆಮೆಯ ಚಿಪ್ಪು ಮುಂತಾದವನ್ನು ಗಳಿಸಿ ಎದುರಾಳಿಯನ್ನು ಜಾರಿಸುವುದೂ ಕೆಡವುವುದೂ ಇಲ್ಲಿ ನ್ಯಾಯವೇ. ಹಿಂದೆ ಬಿದ್ದವನಿಗೆ ಬಲವಾದ ಆಯುಧ ದೊರೆಯುತ್ತದೆ, ಮುಂದಿರುವವನಿಗೆ ಸಾಧಾರಣವಾದದ್ದು. ಆದ್ದರಿಂದ ಅಜ್ಜಿಯೂ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕುಳಿತು ಆಡಬಹುದು. ಅಜ್ಜಿಯೇ ಗೆದ್ದರೂ ಆಶ್ಚರ್ಯವಿಲ್ಲ. ಆಟದ ಜೀವ ಇರುವುದು ಹಾದಿಗಳಲ್ಲಿ. ಕವನ ಸಂಕಲನದಲ್ಲಿ ಒಂದೊಂದು ಕವನಕ್ಕೂ ತನ್ನದೇ ಧಾಟಿ ಇರುವಂತೆ ಇಲ್ಲಿ ಒಂದೊಂದು ಹಾದಿಗೂ ತನ್ನದೇ ಲಯವುಂಟು. ‘8 ಡಿಲಕ್ಸ್’ ಬಂದಾಗ ಹಾದಿಗಳು 48 ಇದ್ದವು. 2022ರ ಮಾರ್ಚಿಯಿಂದ 2023ರ ನವೆಂಬರಿನವರೆಗೆ ಆರು ಕಂತುಗಳಲ್ಲಿ ಮತ್ತೆ 48 ಸೇರಿ ಒಟ್ಟು 96 ಆದವು. ನಮ್ಮ ಅಡಗುದಾಣ ಆ ಮೊದಲ ಕಂತಿನದು. ‘ಲಕ್ಕಿ ಕ್ಯಾಟ್ ಕಪ್’ ಎಂಬ ನಾಲ್ಕು ಪಂದ್ಯಗಳ ಗುಚ್ಛದಲ್ಲಿ ಟೋಕಿಯೊ ನಗರದ ಹಾದಿ ಮೊದಲನೆಯದು, ಇದು ಕೊನೆಯದು. ಜಪಾನಿನ ಬೀದಿಯಲ್ಲಿ ಹೊರಟ ಪಂದ್ಯ ಜಪಾನಿನ ದಂತಕಥೆಯಲ್ಲಿ ಮುಗಿಯುತ್ತದೆ.

ಹಾದಿಯ ರೂಪ ಹೀಗಿದೆ. ರಾತ್ರಿಯ ಹೊತ್ತು. ಜಪಾನೀ ಮಾದರಿಯ ದೊಡ್ಡ ಕಟ್ಟಡ. ಬಂಡಿಗಳು ಅದರೊಳಕ್ಕೆ ನುಗ್ಗುತ್ತವೆ. ಒಳಗೆ ದಾರಿ ಒಂದಾಗಿ ಉಳಿಯುವುದಿಲ್ಲ. ಮೇಲೊಂದು ಕೆಳಗೊಂದು ಎಂದು ಕವಲೊಡೆಯುತ್ತದೆ, ಕೂಡುತ್ತದೆ, ಮತ್ತೆ ಕವಲೊಡೆಯುತ್ತದೆ. ನಿಂಜಾ ವೇಷ ತೊಟ್ಟ ‘ಶೈ ಗೈ’ಗಳು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಾರೆ. ಈ ಶೈ ಗೈ ಎಂಬುದು ಮೊದಲಿನಿಂದಲೂ ಮುಖವಾಡ ಹಾಕಿಕೊಂಡೇ ತಿರುಗುವ ಪಾತ್ರ. 1987ರ ಒಂದು ಆಟದಲ್ಲಿ ಹುಟ್ಟಿ ಆಮೇಲೆ ಮಾರಿಯೊವಿನ ಲೋಕಕ್ಕೆ ಬಂದು ನೆಲೆಸಿದ್ದು. ಹೆಸರಿನ ಅರ್ಥವೇ ಸಂಕೋಚದವನು ಎಂದು. ಮುಖ ತೋರದ ಸಂಕೋಚದವನಿಗೆ ಗೂಢಚಾರನ ವೇಷ ಹಾಕಿದವರು ಯಾರೋ, ಅವರಿಗೆ ಔಚಿತ್ಯದ ಅರಿವು ಇತ್ತೆನ್ನಬೇಕು.

ಆದರೆ ಔಚಿತ್ಯದ ದೊಡ್ಡ ಪ್ರಶ್ನೆ ವೇಷದಲ್ಲಿಲ್ಲ, ವಸ್ತುವಿನಲ್ಲಿದೆ. ನಿಂಜಾನ ಗುಣವೇನು? ಕಾಣದಿರುವುದು, ಸದ್ದಿಲ್ಲದಿರುವುದು, ಕಾಯುವುದು. ಓಟದ ಪಂದ್ಯದ ಗುಣವೇನು? ಎಲ್ಲರಿಗಿಂತ ಮುಂದೆ ಎಲ್ಲರಿಗೂ ಕಾಣುವಂತೆ ಗದ್ದಲ ಮಾಡುತ್ತ ಓಡುವುದು. ಹನ್ನೆರಡು ಬಂಡಿಗಳು ಭರ್ರೆಂದು ನುಗ್ಗುವ ಮನೆಯಲ್ಲಿ ಅಡಗುವ ಮಾತೆಲ್ಲಿ ಬಂತು? ಹೂವಿನ ತೋಟವನ್ನೋ ಮರುಭೂಮಿಯನ್ನೋ ಓಟದ ಹಾದಿ ಮಾಡುವುದು ಸುಲಭ; ಅವುಗಳಿಗೆ ವೇಗದೊಡನೆ ಜಗಳವಿಲ್ಲ. ಅಡಗುದಾಣಕ್ಕೆ ವೇಗವೇ ವೈರಿ. ಈ ವಿರೋಧವನ್ನು ಹಾದಿ ಹೇಗೆ ಪರಿಹರಿಸಿತು, ಇಲ್ಲವೆ ಪರಿಹರಿಸದೆ ಬಣ್ಣ ಬಳಿದು ಬಿಟ್ಟಿತೆ ಎಂಬುದೇ ಇಲ್ಲಿ ತೀರ್ಮಾನವಾಗಬೇಕಾದ ವಿಷಯ.

ಅದಕ್ಕೆ ಮುನ್ನ ನಿಂಜಾ ಎಂದರೆ ಯಾರೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಕ್ಯೋಟೋ ನಗರದಿಂದ ಬಹಳ ದೂರವಲ್ಲದ ಇಗಾ ಮತ್ತು ಕೋಕಾ ಎಂಬ ಬೆಟ್ಟಗಾಡಿನ ಸೀಮೆಗಳು ಇವರ ತವರು. ಜಪಾನಿನ ಒಳಜಗಳಗಳ ಕಾಲದಲ್ಲಿ ಇಲ್ಲಿನ ಸಣ್ಣಪುಟ್ಟ ಮನೆತನಗಳು ಬೇಹು, ರಾತ್ರಿದಾಳಿ, ಬೆಂಕಿ ಇಡುವಿಕೆ ಮೊದಲಾದ ವಿದ್ಯೆಗಳಲ್ಲಿ ಪಳಗಿದ್ದವು. 1579ರಲ್ಲಿ ಓದಾ ನೊಬುನಾಗನ ಮಗ ಇಗಾದ ಮೇಲೆ ದಂಡೆತ್ತಿ ಸೋತು ಹಿಂದಿರುಗಿದ. 1581ರಲ್ಲಿ ನೊಬುನಾಗ ದೊಡ್ಡ ಸೈನ್ಯವನ್ನು ಕಳುಹಿಸಿ ಆ ಸೀಮೆಯನ್ನು ಹಾಳುಗೆಡವಿದ. ಮುಂದೆ ತೊಕುಗಾವ ಮನೆತನದ ಆಳ್ವಿಕೆಯಲ್ಲಿ ನಾಡಿಗೆ ಶಾಂತಿ ಬಂದಾಗ ಈ ವಿದ್ಯೆಗೆ ಕೆಲಸ ತಪ್ಪಿತು. ಅದರ ದೊಡ್ಡ ಕೈಪಿಡಿಯಾದ ‘ಬಾನ್‌ಸೆನ್‌ಶೂಕಾಯ್’ ಸಂಕಲಿತವಾದದ್ದು 1676ರಲ್ಲಿ, ಅಂದರೆ ಯುದ್ಧಗಳೆಲ್ಲ ತಣ್ಣಗಾಗಿ ಎಷ್ಟೋ ದಶಕಗಳು ಕಳೆದ ಮೇಲೆ. ಗುಟ್ಟು ಗುಟ್ಟಾಗಿ ಉಳಿಯಬೇಕಾದ ಅಗತ್ಯವಿದ್ದಾಗ ಅದನ್ನು ಯಾರೂ ಹೀಗೆ ಕೂಡಿಸಿ ಬರೆದಿಡಲಿಲ್ಲ. ಅಗತ್ಯ ತೀರಿದ ಮೇಲೆ ಅದು ಗ್ರಂಥವಾಯಿತು. ಈ ಮಾತನ್ನು ವಾಚಕರು ನೆನಪಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಕರಿಬಟ್ಟೆ ತೊಟ್ಟು ಕಣ್ಣು ಮಾತ್ರ ತೋರಿಸುವ ನಿಂಜಾ ಚರಿತ್ರೆಯಲ್ಲಿದ್ದನೆ? ನಿಜವಾದ ಬೇಹುಗಾರ ಸಂನ್ಯಾಸಿಯಂತೆ, ವ್ಯಾಪಾರಿಯಂತೆ, ಆಟಗಾರನಂತೆ ವೇಷ ಹಾಕುತ್ತಿದ್ದ. ಹಾಗಲ್ಲದೆ ಕರಿಮುಸುಕು ಹೊದ್ದು ಸಂತೆಯಲ್ಲಿ ನಡೆದವನು ಬೇಹುಗಾರನಾದಾನೆ? ಆ ಕರಿಯುಡುಪು ರಂಗಭೂಮಿಯಿಂದ ಬಂದದ್ದೆಂದು ವಿದ್ವಾಂಸರಲ್ಲಿ ಪ್ರಚಲಿತವಾದ ಒಂದು ವಿವರಣೆಯುಂಟು. ಕಬುಕಿ ನಾಟಕದಲ್ಲಿ ಸಾಮಾನು ಸರಿಸುವ ಸಹಾಯಕರು ಕರಿಬಟ್ಟೆಯಲ್ಲಿ ರಂಗದ ಮೇಲೆಯೇ ಓಡಾಡುತ್ತಾರೆ. ಅವರು ಎಲ್ಲರಿಗೂ ಕಾಣುತ್ತಾರೆ. ಆದರೆ ಕಾಣುವುದಿಲ್ಲವೆಂದು ಪ್ರೇಕ್ಷಕರು ಒಪ್ಪಿಕೊಂಡಿರುತ್ತಾರೆ. ಅದೃಶ್ಯನಾದ ಕೊಲೆಗಾರನನ್ನು ತೋರಿಸಬೇಕಾದಾಗ ಆ ಬಟ್ಟೆಯನ್ನೇ ಅವನಿಗೂ ತೊಡಿಸಿದರೆ ಕೆಲಸ ಮುಗಿಯಿತು. ಎಂತಹ ಸರಳವಾದ, ಎಂತಹ ಜಾಣತನದ ಸಂಕೇತ!

ಇದನ್ನು ಒಪ್ಪಿದರೆ, ಚರಿತ್ರೆಯ ಗಂಭೀರ ವ್ಯಕ್ತಿಯನ್ನು ಮಕ್ಕಳ ಆಟಕ್ಕೆ ತಂದು ಕೆಡಿಸಿದರು ಎಂಬ ಆಕ್ಷೇಪಣೆಯ ಬಲ ಕುಗ್ಗುತ್ತದೆ. ನಮಗೆ ಗೊತ್ತಿರುವ ನಿಂಜಾ ರಣರಂಗದಲ್ಲಿ ಹುಟ್ಟಿದವನಲ್ಲ, ನಾಟಕರಂಗದಲ್ಲಿ ಹುಟ್ಟಿದವನು. ಮೊದಲು ಗ್ರಂಥ, ಆಮೇಲೆ ನಾಟಕ, ಆಮೇಲೆ ಕಾದಂಬರಿ ಮತ್ತು ಚಲನಚಿತ್ರ, ವಸ್ತುಸಂಗ್ರಹಾಲಯ, ಈಗ ಬಂಡಿಯೋಟ. ಒಂದು ಕಾಲದಲ್ಲಿ ಜನ ಹೆದರಿ ನಡುಗಿದ ವಸ್ತು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆಟದ ಬೊಂಬೆಯಾಗುವುದು ಲೋಕದಲ್ಲೆಲ್ಲ ನಡೆಯುವ ವ್ಯಾಪಾರ. ಇಳಿಯಿತೆಂದು ಅಳುವುದರಿಂದ ಪ್ರಯೋಜನವಿಲ್ಲ. ಇಳಿಯುವಾಗ ಮೂಲದ ಯಾವ ಸತ್ವ ಉಳಿಯಿತು, ಯಾವುದು ಸೋರಿಹೋಯಿತು ಎಂದು ಕೇಳುವುದೇ ವಿವೇಕ.

ಉಳಿಯಬಹುದಾದ ಸತ್ವವಿದ್ದರೆ ಅದು ಮನೆಯಲ್ಲಿದೆ. ಇಗಾದ ನಿಂಜಾ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಒಂದು ಹಳೆಯ ರೈತನ ಮನೆಯನ್ನು ತೋರಿಸುತ್ತಾರೆ. ಗೋಡೆಯೆಂದು ಒರಗಿದರೆ ಅದು ತಿರುಗಿ ಮನುಷ್ಯನನ್ನು ಆಚೆಗೆ ದಾಟಿಸುತ್ತದೆ. ನೆಲದ ಹಲಗೆ ಎತ್ತಿದರೆ ಅಡಿಯಲ್ಲಿ ಕತ್ತಿ. ಇದಕ್ಕಿಂತ ಸೋಜಿಗವಾದದ್ದು ಕನಜಾವಾ ನಗರದ ಮ್ಯೋರ್ಯೂಜಿ ದೇವಾಲಯ. ಅಲ್ಲಿನ ಪ್ರಭುಗಳಾದ ಮಯೇದ ಮನೆತನದವರು 1643ರಲ್ಲಿ ಅದನ್ನು ಈಗಿನ ಸ್ಥಳಕ್ಕೆ ತಂದು ಕಟ್ಟಿಸಿದರು. ಹೊರಗಿನಿಂದ ನೋಡಿದರೆ ಎರಡು ಅಂತಸ್ತು. ಒಳಗೆ ನಾಲ್ಕು ಅಂತಸ್ತು, ಏಳು ಮಟ್ಟ, 23 ಕೋಣೆ, 29 ಮೆಟ್ಟಿಲ ಸಾಲು. ಜನರ ಬಾಯಲ್ಲಿ ಅದು ನಿಂಜಾ ದೇಗುಲ. ಆದರೆ ನಿಂಜಾಗಳಿಗೂ ಅದಕ್ಕೂ ಸಂಬಂಧವಿಲ್ಲ. ಕೇಂದ್ರ ಸರ್ಕಾರದ ಕಣ್ಣಿಗೆ ಮಣ್ಣೆರಚಿ ಪ್ರಭುಗಳು ಕಟ್ಟಿಕೊಂಡ ಮರೆಯ ಕೋಟೆ ಅದು. ಜನ ಕೊಟ್ಟ ಹೆಸರು ಚರಿತ್ರೆಯ ಪ್ರಕಾರ ತಪ್ಪು. ಭಾವದ ಪ್ರಕಾರ ಸರಿ. ಅಡಗುವುದು ಮನುಷ್ಯನ ವಿದ್ಯೆ ಮಾತ್ರವಲ್ಲ, ಕಟ್ಟಡದ ವಿದ್ಯೆಯೂ ಹೌದು ಎಂಬುದನ್ನು ಆ ಹೆಸರು ಹಿಡಿದಿದೆ.

ನಿಂಜಾ ಹೈಡ್‌ಅವೇ ಹಾದಿಯ ಜಾಣತನ ಇಲ್ಲಿದೆ. ಓಡುವವನನ್ನು ಅಡಗಿಸಲು ಅದು ಹೋಗಲಿಲ್ಲ, ದಾರಿಯನ್ನೇ ಅಡಗಿಸಿತು. ನಿಮ್ಮ ಮುಂದೆ ಒಬ್ಬ ಎದುರಾಳಿ ಓಡುತ್ತಿದ್ದಾನೆ ಎನ್ನೋಣ. ಕವಲಿನಲ್ಲಿ ಅವನು ಮೇಲಿನ ದಾರಿ ಹಿಡಿದ, ನೀವು ಕೆಳಗಿನದನ್ನು ಹಿಡಿದಿರಿ. ಕೆಲವು ಕ್ಷಣ ಅವನು ನಿಮ್ಮ ಪಾಲಿಗೆ ಇಲ್ಲ. ಕೈಯಲ್ಲಿ ಚಿಪ್ಪಿದೆ, ಎಸೆಯಲು ಗುರಿಯಿಲ್ಲ. ಮುಂದಿದ್ದಾನೊ ಹಿಂದೆ ಬಿದ್ದನೊ ತಿಳಿಯದು. ದಾರಿ ಕೂಡುವಲ್ಲಿ ಥಟ್ಟನೆ ಮೇಲಿನಿಂದ ನಿಮ್ಮ ಮೂಗಿನ ಮುಂದೆಯೇ ಇಳಿಯುತ್ತಾನೆ. ನಿಂಜಾನ ಕಥೆಗಳಲ್ಲಿ ನಾವು ಕೇಳುವ ಮಾಯವಾಗುವಿಕೆ, ಪ್ರತ್ಯಕ್ಷವಾಗುವಿಕೆ ಎರಡೂ ಒಂದು ಮಂತ್ರವೂ ಇಲ್ಲದೆ, ಬರಿಯ ವಾಸ್ತುವಿನಿಂದ ಇಲ್ಲಿ ನಡೆದುಹೋದವು. ವೇಷ ಹಾಕಿದ ಬೊಂಬೆಗಳನ್ನೆಲ್ಲ ಕಿತ್ತು ಹಾಕಿದರೂ ಈ ಗುಣ ಉಳಿಯುತ್ತದೆ. ಅಲಂಕಾರವನ್ನು ತೆಗೆದ ಮೇಲೂ ನಿಲ್ಲುವುದು ಯಾವುದೋ ಅದೇ ಕೃತಿಯ ಧ್ವನಿ.

ಇದರ ಬೆಲೆ ತಿಳಿಯಬೇಕಾದರೆ ಇದೇ ಮಾಲೆಯ ಬೇರೆ ಹಾದಿಗಳೊಡನೆ ಹೋಲಿಸಬೇಕು. ಪ್ಯಾರಿಸ್, ಟೋಕಿಯೊ ಮುಂತಾದ ನಗರಗಳ ಹಾದಿಗಳಿವೆ. ನೋಡಲು ಸೊಗಸೇ. ಆದರೆ ಅಲ್ಲಿ ಪ್ರಸಿದ್ಧ ಗೋಪುರಗಳೂ ಸೇತುವೆಗಳೂ ಬಹುಮಟ್ಟಿಗೆ ಅಂಚೆಚೀಟಿಯ ಚಿತ್ರಗಳಂತೆ ಪಕ್ಕದಲ್ಲಿ ಸರಿದುಹೋಗುತ್ತವೆ. ಊರಿನ ಹೆಸರು ಬದಲಿಸಿದರೆ ಓಟದ ಅನುಭವ ಅಷ್ಟಾಗಿ ಬದಲಾಗದು. 1992ರ ಮೊದಲ ಆಟದಲ್ಲಿ ‘ಘೋಸ್ಟ್ ವ್ಯಾಲಿ’ ಎಂಬ ದೆವ್ವದ ಹಾದಿಯಿತ್ತು. ಅದರಲ್ಲಿ ಚಿತ್ರವೈಭವ ಏನೂ ಇಲ್ಲ. ಆದರೆ ಅಂಚಿನ ಹಲಗೆಗೆ ಬಂಡಿ ತಾಗಿದರೆ ಹಲಗೆ ಬಿದ್ದುಹೋಗುತ್ತಿತ್ತು, ಮುಂದಿನ ಸುತ್ತಿನಲ್ಲಿ ಅಲ್ಲಿ ತೂತು. ಭಯ ಗೋಡೆಯ ಬಣ್ಣದಲ್ಲಿರಲಿಲ್ಲ, ನೆಲದಲ್ಲಿತ್ತು. ಅಡಗುದಾಣ ಆ ಹಳೆಯ ಮನೆತನಕ್ಕೆ ಸೇರಿದ ಹಾದಿ, ನಗರಗಳ ಮನೆತನಕ್ಕಲ್ಲ.

ಇನ್ನೊಂದು ಕುತೂಹಲದ ಸಂಗತಿ. ಈ ಹಾದಿ ಮೊದಲು ಹುಟ್ಟಿದ್ದು ‘8 ಡಿಲಕ್ಸ್’ಗಾಗಿ ಅಲ್ಲ. 2019ರಲ್ಲಿ ಬಂದ ‘ಮಾರಿಯೊ ಕಾರ್ಟ್ ಟೂರ್’ ಎಂಬ ಮೊಬೈಲು ಫೋನಿನ ಆಟಕ್ಕಾಗಿ 2021ರ ಫೆಬ್ರವರಿಯಲ್ಲಿ ಇದು ಸಿದ್ಧವಾಯಿತು. ಅಲ್ಲಿ ಬಂಡಿ ತಾನಾಗಿ ಓಡುತ್ತದೆ. ಆಡುವವನು ಬೆರಳಿನಿಂದ ತಿರುಗಿಸಿದರೆ ಸಾಕು. ಮೊದಲು ಮುಟ್ಟುವುದಕ್ಕಿಂತ ಅಂಕ ಕೂಡಿಸುವುದೇ ಮುಖ್ಯ. ಒಂದೊಂದು ಹಾದಿಗೂ ಇಂತಿಂತಹ ಪಾತ್ರ, ಇಂತಿಂತಹ ಬಂಡಿ ಇದ್ದರೆ ಲಾಭ ಹೆಚ್ಚು ಎಂಬ ನಿಯಮ. ಅವು ದೊರೆಯುತ್ತಿದ್ದುದೋ, 2022ರ ಅಕ್ಟೋಬರಿನವರೆಗೂ, ಲಾಟರಿಯಂತಹ ಒಂದು ಏರ್ಪಾಡಿನಿಂದ. ಸಾಲದ್ದಕ್ಕೆ ಅಲ್ಲಿ ಪಂದ್ಯವೆಂದರೆ ಎರಡೇ ಸುತ್ತು. ‘8 ಡಿಲಕ್ಸ್’ನಲ್ಲಿ ಮೂರು.

ಎರಡಕ್ಕೂ ಮೂರಕ್ಕೂ ಏನು ಮಹಾ ಅಂತರ ಎನ್ನಬೇಡಿ. ಈ ಮನೆಯ ಮಟ್ಟಿಗೆ ಆ ಮೂರನೆಯ ಸುತ್ತೇ ಸರ್ವಸ್ವ. ಮೊದಲ ಸುತ್ತಿನಲ್ಲಿ ನೀವು ಹೊರಗಿನವರು. ದಾರಿ ಎಲ್ಲಿ ಒಡೆಯುತ್ತದೆ ತಿಳಿಯದೆ ಜನ ಹೋದತ್ತ ಹೋಗುತ್ತೀರಿ. ಎರಡನೆಯದರಲ್ಲಿ ಅತಿಥಿಗಳು, ಆಗ ಬಿಟ್ಟ ಕವಲನ್ನು ಈಗ ಹಿಡಿದು ನೋಡುತ್ತೀರಿ. ಮೂರನೆಯದರಲ್ಲಿ ಮನೆಯವರು; ಯಾವ ದಾರಿಯಲ್ಲಿ ಏನು ಸಿಕ್ಕುತ್ತದೆ, ಎಲ್ಲಿ ಹಾರಿದರೆ ಎಲ್ಲಿ ಇಳಿಯಬಹುದು ಎಂಬುದು ಕೈಗೆ ಬಂದಿರುತ್ತದೆ. ಗುಟ್ಟು ತಿಳಿದವನು, ತಿಳಿಯದವನು ಎಂಬ ಭೇದವೇ ನಿಂಜಾ ಮನೆಯ ಅರ್ಥ. ಆ ಭೇದ ಓಡುವವನೊಳಗೇ ಕೆಲವು ನಿಮಿಷಗಳಲ್ಲಿ ಕಳೆದುಹೋಗುವಂತೆ ಮಾಡಿರುವುದು ಈ ಹಾದಿಯ ಗೆಲುವು. ಫೋನಿನ ಆಟ ಅವನನ್ನು ಅತಿಥಿಯಾಗಿಯೇ ಬೀಳ್ಕೊಟ್ಟಿತು. ಅದೇ ಕೃತಿ, ಅದೇ ಸಂಸ್ಥೆ. ಆದರೆ ಒಂದು ಸುತ್ತು ಹೆಚ್ಚಿದ್ದರಿಂದ, ಅದೃಷ್ಟದ ವ್ಯಾಪಾರ ದೂರವಾದ್ದರಿಂದ ಅದಕ್ಕೆ ಅದರ ಅರ್ಥ ದೊರೆಯಿತು. ಕೃತಿಯನ್ನು ಯಾವ ಚೌಕಟ್ಟಿನಲ್ಲಿ ಇಡುತ್ತೇವೆ ಎಂಬುದು ಕೃತಿಯಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೊಗಳಿದ್ದಾಯಿತು, ಕುಂದುಗಳನ್ನೂ ಹೇಳಬೇಕು. ಮೊದಲನೆಯದು, ಪರದೆಯ ಮೂಲೆಯಲ್ಲಿರುವ ಸಣ್ಣ ನಕ್ಷೆ. ಯಾರು ಎಲ್ಲಿದ್ದಾರೆಂದು ಅದು ಸದಾ ಚಾಡಿ ಹೇಳುತ್ತಿರುತ್ತದೆ. ಕವಲಿನಲ್ಲಿ ಮಾಯವಾದವನನ್ನು ಕಣ್ಣು ಕಳೆದುಕೊಂಡರೂ ನಕ್ಷೆ ಕಳೆದುಕೊಳ್ಳುವುದಿಲ್ಲ. ಉಳಿದ 95 ಹಾದಿಗಳಲ್ಲಿ ಅದು ಉಪಕಾರಿ. ಈ ಒಂದರಲ್ಲಿ ಮನೆಮುರುಕ. ಎರಡನೆಯದು, ಬಿದ್ದವನಿಗೆ ಶಿಕ್ಷೆಯ ಹಗುರ. ದಾರಿ ತಪ್ಪಿ ಉರುಳಿದರೆ ಮೋಡದ ಮೇಲೆ ಕುಳಿತ ಲಕಿಟು ಎಂಬ ಆಸಾಮಿ ಬಂದು ಎತ್ತಿ ಮತ್ತೆ ದಾರಿಗೆ ಬಿಡುತ್ತಾನೆ. ಆಟದ ಧರ್ಮವೇ ಅದು, ಸರಿ. ಆದರೆ ಹೊರಗಿನವನು ಹೊಕ್ಕರೆ ಜೀವಸಹಿತ ಮರಳಬಾರದೆಂದು ಕಟ್ಟಿದ ಮನೆಯ ಕಲ್ಪನೆಗೆ ಇಷ್ಟು ದಯೆ ಒಗ್ಗುವುದಿಲ್ಲ. ಘೋಸ್ಟ್ ವ್ಯಾಲಿಯ ಬಿದ್ದುಹೋಗುವ ಹಲಗೆಯಂತಹ ಒಂದು ಕಠೋರತೆಯಾದರೂ ಇಲ್ಲಿ ಬೇಕಿತ್ತು.

ಮೂರನೆಯ ಸಂಗತಿ ಕುಂದೊ ಗುಣವೊ ಹೇಳುವುದು ಕಷ್ಟ. ಎಳೆಯರಿಗೂ ಹೊಸಬರಿಗೂ ನೆರವಾಗಲೆಂದು ‘8 ಡಿಲಕ್ಸ್’ನಲ್ಲಿ ಬಂಡಿಯನ್ನು ತಾನಾಗಿ ಹಾದಿಯಲ್ಲೇ ಇರಿಸುವ ಒಂದು ಸೌಕರ್ಯವಿದೆ. ಅದನ್ನು ಇಟ್ಟುಕೊಂಡವನು ಬೀಳುವುದಿಲ್ಲ; ಆದರೆ ಕೆಲವು ಅಡ್ಡದಾರಿಗಳು ಅವನಿಗೆ ತೆರೆಯುವುದೂ ಇಲ್ಲ. ಕೈಹಿಡಿದು ನಡೆಸಿಕೊಳ್ಳುವವನಿಗೆ ಗುಟ್ಟಿನ ಬಾಗಿಲು ಮುಚ್ಚಿರುತ್ತದೆ ಎಂದಂತಾಯಿತು. ಇದನ್ನು ಉದ್ದೇಶಪಟ್ಟು ಮಾಡಿದರೊ ಇಲ್ಲವೊ, ಬೀಳಲು ಸಿದ್ಧನಾದವನಿಗೇ ವಿದ್ಯೆ ಎಂಬ ಹಳೆಯ ಗುರುಕುಲದ ನೀತಿ ಆಟದ ಯಂತ್ರದೊಳಗೆ ಹೇಗೋ ನುಸುಳಿಕೊಂಡಿದೆ.

ಕೊನೆಯ ಕೊರತೆ ಹಾದಿಯದಲ್ಲ, ಓಟದ್ದು. ಇಷ್ಟು ಅಕ್ಕರೆಯಿಂದ ಕಟ್ಟಿದ ಮನೆಯನ್ನು ಯಾರೂ ನೋಡುವುದಿಲ್ಲ. ಕಣ್ಣೆಲ್ಲ ಮುಂದಿನ ತಿರುವಿನ ಮೇಲೆ, ಕಿವಿಯೆಲ್ಲ ಹಿಂದೆ ಬರುತ್ತಿರುವ ಚಿಪ್ಪಿನ ಮೇಲೆ. ಇಲ್ಲಿ ಒಂದು ಸಂಗತಿ ನೆನಪಿಗೆ ಬರುತ್ತದೆ. ನಿಂಜಾಗಳ ತವರಾದ ಆ ಇಗಾ ಸೀಮೆಯಲ್ಲಿಯೇ, ಉಯೇನೊ ಎಂಬಲ್ಲಿ, 1644ರಲ್ಲಿ ಹೈಕು ಕವಿ ಬಾಷೊ ಹುಟ್ಟಿದ. ಅವನೂ ಬೇಹುಗಾರನಾಗಿದ್ದನೆಂದು ಒಂದು ದಂತಕಥೆಯಿದೆ. ಅದಕ್ಕೆ ಆಧಾರ ಸಾಲದು. ಅವನು 1689ರಲ್ಲಿ ಉತ್ತರದ ದೂರದ ಸೀಮೆಗಳಿಗೆ ಬಹುಪಾಲು ಕಾಲ್ನಡಿಗೆಯಲ್ಲಿ ಹೋಗಿ ಬಂದದ್ದಂತೂ ಸತ್ಯ. ಒಂದೇ ಮಣ್ಣು ಕಾಣದಂತೆ ನಡೆಯುವವರನ್ನೂ ಹೆತ್ತಿತು, ಕಂಡದ್ದರ ಮುಂದೆ ನಿಲ್ಲುವವನನ್ನೂ ಹೆತ್ತಿತು. ಬೇಹುಗಾರನಿಗೂ ಕವಿಗೂ ಬಂಡವಾಳ ಒಂದೇ: ತಾನು ಮರೆಯಾಗಿ ನೋಡುವ ತಾಳ್ಮೆ. ಓಟದ ಆಟ ಮೊದಲು ಬಲಿ ಕೊಟ್ಟದ್ದು ಅದನ್ನೇ.

ಆದರೂ ಅದಕ್ಕೆ ಒಂದು ಬಾಗಿಲು ತೆರೆದೇ ಇದೆ. ಎದುರಾಳಿಗಳಿಲ್ಲದೆ ಒಬ್ಬರೇ ಓಡಿಸುವ ವಿಧಾನವೂ ಈ ಆಟದಲ್ಲುಂಟು. ಹೊತ್ತಿನ ಲೆಕ್ಕ ಅಲ್ಲಿಯೂ ಓಡುತ್ತಿರುತ್ತದೆ; ಓಡಲಿ. ಮನೆಯಲ್ಲಿ ಮಗುವೊಂದು ಈ ಆಟ ಆಡುತ್ತಿದ್ದರೆ ಒಂದು ಸಲ ಅದರಿಂದ ಕೇಳಿ ತೆಗೆದುಕೊಂಡು, ಅಡಗುದಾಣದ ಒಳಗೆ ಬಂಡಿಯನ್ನು ನಿಲ್ಲಿಸಿ ನೋಡಬಹುದು: ಕವಲು ಹೇಗೆ ಒಡೆದಿದೆ, ಮೇಲಿನ ದಾರಿಯಿಂದ ಕೆಳಗಿನದು ಎಷ್ಟು ಕಾಣುತ್ತದೆ, ಮುಖವಾಡದ ಸಂಕೋಚಗಾರರು ಎಲ್ಲೆಲ್ಲಿ ನಿಂತಿದ್ದಾರೆ. 1889ರಲ್ಲಿ ಕ್ಯೋಟೋದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುತ್ತ ಆರಂಭವಾದ ಸಂಸ್ಥೆಯ ಕೆಲಸಗಾರರು ತಮ್ಮ ನೆರೆಸೀಮೆಯ ಹಳೆಯ ಭಯವೊಂದನ್ನು ಎಷ್ಟು ಜೋಪಾನವಾಗಿ ಆಟವಾಗಿಸಿದ್ದಾರೆಂಬುದು ಆಗ ತಿಳಿಯುತ್ತದೆ. ಭಯ ಸೋರಿಹೋಗಿದೆ, ನಿಜ. ನೇರವಾದ ದಾರಿಯನ್ನು ನಂಬದಿರುವ ಬುದ್ಧಿ ಉಳಿದಿದೆ. ಗುಟ್ಟು ಗ್ರಂಥವಾದ ದಿನದಿಂದ ಇಳಿಯುತ್ತ ಬಂದ ಈ ವಿದ್ಯೆಯ ಪಾಲಿಗೆ ಅಷ್ಟು ಉಳಿದದ್ದೂ ಲಾಭವೇ. ಮಗು ‘ಬೇಗ ಹೋಗಿ, ಹೊತ್ತು ಮೀರುತ್ತಿದೆ’ ಎಂದು ಅವಸರಪಡಿಸುವುದು ಖಂಡಿತ. ಸ್ವಲ್ಪ ತಾಳೆನ್ನಿ.